ಕರ್ತವ್ಯವನ್ನು ಮೀರಿದ ಹೆಜ್ಜೆ ಯಾವುದು?

(ಶಿವಮೊಗ್ಗದಲ್ಲಿ ಉದ್ಯೋಗಾಕಾಂಕ್ಷಿಗಳು ಮತ್ತು ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣ)



2023ರ ಜನವರಿಯಲ್ಲಿ ಭದ್ರಾವತಿಯ ವಿಶ್ವೇಶ್ವರಯ್ಯ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಪ್ರಕಟವಾಯಿತು. ಗುತ್ತಿಗೆ ಕಾರ್ಮಿಕರು ಧರಣಿ ಕುಳಿತರು. ಅಲ್ಲಿಯ ಕಾಗದ ಕಾರ್ಖಾನೆಯ ಯಂತ್ರಗಳು ಅದಕ್ಕೂ ಹಲವು ವರ್ಷ ಮೊದಲೇ ನಿಂತಿದ್ದವು. ಮರು ತಿಂಗಳು, ಫೆಬ್ರವರಿ 27ರಂದು, ಸೋಗಾನೆಯಲ್ಲಿ ಕುವೆಂಪು ಹೆಸರಿನ ವಿಮಾನ ನಿಲ್ದಾಣದ ಉದ್ಘಾಟನೆಯಾಯಿತು. ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ಎರಡು ಕಾರ್ಖಾನೆಗಳು ಸಾಕಿದಷ್ಟು ಮನೆಗಳನ್ನು ಒಂದು ಸಣ್ಣ ನಿಲ್ದಾಣ ಸಾಕಲಾರದು ಎಂಬುದನ್ನು ವೇದಿಕೆಗಳಲ್ಲಿ ಯಾರೂ ಹೇಳುವುದಿಲ್ಲ. ಆದರೂ ನಮ್ಮ ಮಕ್ಕಳು ವಿಮಾನ ಕಂಪೆನಿಗಳಿಗೆ ಅರ್ಜಿ ಹಾಕುತ್ತಿದ್ದಾರೆ. ಹಾಕಲೇಬೇಕು.

ಅಲ್ಲಿ ತಪ್ಪದೆ ಎದುರಾಗುವ ಒಂದು ಪ್ರಶ್ನೆಯ ಕುರಿತು ಮಾತ್ರ ಇಂದು ಮಾತನಾಡುತ್ತೇನೆ. “ಗ್ರಾಹಕರೊಬ್ಬರಿಗಾಗಿ ನಿಮ್ಮ ಕರ್ತವ್ಯವನ್ನು ಮೀರಿ ಏನಾದರೂ ಮಾಡಿದ ಸಂದರ್ಭವನ್ನು ಹೇಳಿ.”

ಹೆಚ್ಚಿನವರು ಬಾಯಿಪಾಠ ಮಾಡಿದ ಉತ್ತರ ಒಪ್ಪಿಸುತ್ತಾರೆ. ಕೆಲವರು ನೀರಜಾ ಭಾನೋಟ್‌ರ ಹೆಸರು ಹೇಳುತ್ತಾರೆ. 1986ರ ಸೆಪ್ಟೆಂಬರ್ 5ರಂದು ಕರಾಚಿಯಲ್ಲಿ ಅಪಹರಣಕಾರರ ಗುಂಡಿಗೆ ಎದುರಾಗಿ ಪ್ರಯಾಣಿಕರನ್ನು ಉಳಿಸಲು ಪ್ರಾಣ ಕೊಟ್ಟ ಆ 22ರ ತರುಣಿಗೆ ಅಶೋಕ ಚಕ್ರ ಸಂದಿತು. ಅವರನ್ನು ಗೌರವಿಸೋಣ. ಆದರೆ ಸಂದರ್ಶಕರು ಕೇಳಿದ್ದು ನಿಮ್ಮ ಕಥೆಯನ್ನು.

ಗಾಂಧಿ ಬಜಾರಿನ ಬಟ್ಟೆ ಅಂಗಡಿಯಲ್ಲಿ ದುಡಿಯುವ ಹುಡುಗನೊಬ್ಬನಿದ್ದಾನೆ ಎನ್ನೋಣ. ಹಬ್ಬದ ಹಿಂದಿನ ಸಂಜೆ ವೃದ್ಧೆಯೊಬ್ಬರು ಕೊಂಡ ಬಟ್ಟೆಯ ಚೀಲವನ್ನು ಮರೆತು ಹೋದರು. ಅವನು ಮಾಲಕರಿಗೆ ತಿಳಿಸಿ, ಗಲ್ಲಾವನ್ನು ಜೊತೆಗಾರನಿಗೆ ಒಪ್ಪಿಸಿ, ಬಸ್ ನಿಲ್ದಾಣಕ್ಕೆ ಓಡಿ, ಭದ್ರಾವತಿಯ ಬಸ್ಸಿನಲ್ಲಿ ಅವರನ್ನು ಹುಡುಕಿ ಚೀಲ ಕೊಟ್ಟ. ಇದು ಸಾಕು. ಸಂದರ್ಭ, ನಿಮ್ಮ ಕೆಲಸ, ನೀವು ಮಾಡಿದ್ದು, ಆದದ್ದು, ಎಲ್ಲವನ್ನೂ ಎರಡು ನಿಮಿಷಗಳಲ್ಲಿ ಹೇಳಬಹುದು. ಆಮೇಲೆ ಅವರು ಕೆದಕುತ್ತಾರೆ: ಅಷ್ಟರಲ್ಲಿ ಅಂಗಡಿಯಲ್ಲಿದ್ದ ಇತರ ಗಿರಾಕಿಗಳ ಗತಿಯೇನು? ಬಸ್ಸು ಹೊರಟುಹೋಗಿದ್ದರೆ ಏನು ಮಾಡುತ್ತಿದ್ದಿರಿ? ಎರವಲು ತಂದ ಕಥೆ ಇಲ್ಲಿ ಕುಸಿಯುತ್ತದೆ. ಇನ್ನೊಂದು ಮಾತು: ನಮ್ಮವರು ವಿನಯದಿಂದ “ನಾವು ಮಾಡಿದೆವು” ಎನ್ನುತ್ತಾರೆ. ಅಲ್ಲಿ “ನಾನು” ಎನ್ನಲು ಸಂಕೋಚ ಬೇಡ.

ಹುಡುಗ ಮಾಲಕರಿಗೆ ತಿಳಿಸಿಯೇ ಹೊರಟ ಎಂಬುದನ್ನು ಗಮನಿಸಿದಿರಾ? ವಿಮಾನಯಾನದಲ್ಲಿ ಇದೇ ಮುಖ್ಯ. ದ್ವಾರ ಮುಚ್ಚಿದ ಬಳಿಕ ಬಂದ ಪ್ರಯಾಣಿಕನನ್ನು ಗುಟ್ಟಾಗಿ ಒಳಬಿಡುವುದು ಸೇವೆಯಲ್ಲ. ಅಪರಿಚಿತರ ಪೊಟ್ಟಣವನ್ನು ತಪಾಸಣೆ ತಪ್ಪಿಸಿ ಸಾಗಿಸುವುದು ಅಪರಾಧ. ಅವನನ್ನು ಕೂರಿಸಿ, ನೀರು ಕೊಟ್ಟು, ಮುಂದಿನ ವಿಮಾನದಲ್ಲಿ ಜಾಗ ಹುಡುಕಿ, ಮನೆಯವರಿಗೆ ಕರೆ ಮಾಡಿಸುವುದು ಕರ್ತವ್ಯ ಮೀರಿದ ಹೆಜ್ಜೆ. “ಗ್ರಾಹಕರಿಗಾಗಿ ನಿಯಮ ಮುರಿದೆ” ಎಂದು ಹೆಮ್ಮೆಯಿಂದ ಹೇಳಿದವರ ಸಂದರ್ಶನ ಅಲ್ಲಿಗೇ ಮುಗಿಯಿತೆಂದೇ ತಿಳಿಯಿರಿ.

ಹೆತ್ತವರಿಗೆ ಒಂದು ಎಚ್ಚರಿಕೆ. ಕೆಲಸ ಕೊಡಿಸುತ್ತೇವೆಂದು “ಠೇವಣಿ” ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ನೇಮಕಾತಿಗೆ ತಾವು ಹಣ ಪಡೆಯುವುದಿಲ್ಲವೆಂದು ವಿಮಾನ ಕಂಪೆನಿಗಳೇ ಪ್ರಕಟಿಸಿವೆ.

“ನಾನು ಎಲ್ಲಿಯೂ ದುಡಿದೇ ಇಲ್ಲವಲ್ಲ” ಎಂದು ಹೆಣ್ಣುಮಕ್ಕಳು ಕೇಳುತ್ತಾರೆ. ಮೆಗ್ಗಾನ್ ಆಸ್ಪತ್ರೆಯಲ್ಲಿ ನೆರೆಮನೆಯ ಅಜ್ಜಿಯ ಚೀಟಿ ಮಾಡಿಸಿ, ಸರದಿಯಲ್ಲಿ ನಿಂತು, ಔಷಧದ ಹೊತ್ತನ್ನು ಅವರಿಗೆ ತಿಳಿಯುವ ಉರ್ದುವಿನಲ್ಲಿ ವಿವರಿಸಿದ್ದೀರಲ್ಲ, ಅದನ್ನೇ ಹೇಳಿ. ಕೆಲಸದ ಅನುಭವವಿಲ್ಲದವರು ಇಂಥ ಉತ್ತರ ಕೊಡಬಹುದು. ಇಂದು ರಾತ್ರಿ ತಾಯಿಯ ಮುಂದೆ ಒಮ್ಮೆ ಹೇಳಿ ನೋಡಿ. “ಹಾಗಲ್ಲ ಮಗಳೇ, ಅಂದು ಮಳೆ ಸುರಿಯುತ್ತಿತ್ತು, ಆಟೋ ಸಿಗದೆ ನಡೆದೇ ಕರೆತಂದೆ” ಎಂದು ಅವರು ತಿದ್ದಿದರೆ, ಆ ಮಳೆಯನ್ನೂ ಸೇರಿಸಿಕೊಳ್ಳಿ.