ದಾನಿಯ ಹಣ, ವಿದ್ಯಾರ್ಥಿಯ ನಾಲಗೆ

(ಸುರಪುರದಲ್ಲಿ ಉಪಾಧ್ಯಾಯರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಯಾದಗಿರಿ, ಶಹಾಪುರಗಳಿಂದ ಈ ಬಿಸಿಲನ್ನು ಲೆಕ್ಕಿಸದೆ ಬಂದಿರುವ ತಮ್ಮನ್ನು ಕಂಡು ಸಂತೋಷವಾಗುತ್ತದೆ. ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯು ನಿರ್ಭಯವಾಗಿ ಮಾತನಾಡಬಹುದೇ, ಪ್ರತಿಭಟಿಸಬಹುದೇ, ಹಣ ಕೊಟ್ಟವರು ಅವನ ಬಾಯಿಗೆ ಬೀಗ ಹಾಕಬಹುದೇ ಎಂಬುದನ್ನು ಕುರಿತು ಎರಡು ಮಾತು ಹೇಳಬೇಕೆಂದು ತಮ್ಮ ಅಪ್ಪಣೆಯಾಗಿದೆ. ಇದು ದೂರದ ದಿಲ್ಲಿಯ ಪ್ರಶ್ನೆಯೆಂದು ಕೆಲವರು ಭಾವಿಸಬಹುದು. ಹಾಗಲ್ಲ, ನಮ್ಮ ಸೀಮೆಯ ಹುಡುಗರೂ ಇದಕ್ಕಾಗಿ ಹೋರಾಡಿದವರೇ.

1858ರಲ್ಲಿ ರಾಜಾ ವೆಂಕಟಪ್ಪ ನಾಯಕನು ಅಳಿದನು. 1860ರಲ್ಲಿ ಇಂಗ್ಲಿಷರು ಈ ಸುರಪುರವನ್ನು ನಿಜಾಮನಿಗೆ ಒಪ್ಪಿಸಿದರು. ಅಂದಿನಿಂದ 1948ರ ಸಪ್ಟಂಬರದ ವರೆಗೆ ಇಲ್ಲಿಯ ರೈತನ ಕಂದಾಯವು ಹೈದರಾಬಾದಿನ ಬೊಕ್ಕಸವನ್ನು ಸೇರಿತು. ಆ ಬೊಕ್ಕಸದ ಬಲದಿಂದಲೇ 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವು ಹುಟ್ಟಿತು. ನ್ಯಾಯವಾಗಿ ಹೇಳಬೇಕಾದರೆ ಅದು ಸಾಮಾನ್ಯವಾದ ಕಾರ್ಯವಲ್ಲ. ಉಚ್ಚ ಶಿಕ್ಷಣವನ್ನು ಇಂಗ್ಲಿಷಿನ ಬದಲು ಉರ್ದುವಿನಲ್ಲಿ ಕೊಡುವುದಕ್ಕಾಗಿ ಅಲ್ಲಿ ಭಾಷಾಂತರದ ಕಚೇರಿಯೊಂದನ್ನೇ ತೆರೆದು ಶಾಸ್ತ್ರಗ್ರಂಥಗಳನ್ನು ಸಿದ್ಧಪಡಿಸಿದರು. ಕನ್ನಡದಲ್ಲಿ ವಿಜ್ಞಾನವನ್ನು ಕಲಿಸಲಾಗದೆಂದು ಇಂದಿಗೂ ತಲೆಯಾಡಿಸುವ ಪಂಡಿತರು ಆ ಕಚೇರಿಯ ಕೆಲಸವನ್ನು ಒಮ್ಮೆ ನೋಡಬೇಕು! ಆದರೆ ಕನ್ನಡ, ತೆಲುಗು, ಮರಾಠಿಗಳನ್ನಾಡುವ ಬಹುಸಂಖ್ಯಾತ ಪ್ರಜೆಗಳ ಮಕ್ಕಳಿಗೆ ಉರ್ದುವೂ ಪರಭಾಷೆಯೇ ಆಗಿತ್ತಲ್ಲವೆ?

ಸಂಸ್ಥಾನದಲ್ಲಿ ಆಗ ‘ಗಸ್ತಿ ನಿಶಾನ್ 53’ ಎಂಬ ಆಜ್ಞೆಯೊಂದಿತ್ತು. ಅಪ್ಪಣೆಯಿಲ್ಲದೆ ಸಭೆ ಸೇರುವಂತಿರಲಿಲ್ಲ. 1938ರಲ್ಲಿ ಸ್ಟೇಟ್ ಕಾಂಗ್ರೆಸ್ಸನ್ನೂ ನಿಷೇಧಿಸಿದರು. ಅದೇ ವರ್ಷದ ಕೊನೆಯಲ್ಲಿ ಉಸ್ಮಾನಿಯಾದ ವಸತಿಗೃಹದ ಹುಡುಗರು ತಮ್ಮ ಪ್ರಾರ್ಥನೆಯಲ್ಲಿ ‘ವಂದೇ ಮಾತರಂ’ ಹಾಡಿದರು. ಹಾಡಕೂಡದೆಂದು ಅಧಿಕಾರಿಗಳು ತಡೆದರು. ಹುಡುಗರು ಪಾಠಗಳನ್ನು ಬಿಟ್ಟು ಹೊರಬಂದರು. ನೂರಾರು ಮಂದಿಯನ್ನು ಹೊರಹಾಕಲಾಯಿತು. ಕಿಚ್ಚು ಗುಲಬರ್ಗಾದ ಇಂಟರ್‌ಮೀಡಿಯೆಟ್ ಕಾಲೇಜಿಗೂ ಹಬ್ಬಿತು. ಯಾದಗಿರಿಯು ಪ್ರತ್ಯೇಕ ಜಿಲ್ಲೆಯಾದದ್ದು 2009ರಲ್ಲಿ. ಅಂದು ನಾವೆಲ್ಲರೂ ಗುಲಬರ್ಗಾ ಜಿಲ್ಲೆಯವರು. ಹೊರದೂಡಲ್ಪಟ್ಟವರಿಗೆ ನಾಗಪುರದ ವಿಶ್ವವಿದ್ಯಾಲಯವು ಬಾಗಿಲು ತೆರೆಯಿತು. ಹಾಗೆ ಹೋದವರಲ್ಲೊಬ್ಬರಾದ ಪಿ. ವಿ. ನರಸಿಂಹರಾಯರು 1991ರಲ್ಲಿ ದೇಶದ ಪ್ರಧಾನಮಂತ್ರಿಗಳಾದರು. ಆದರೆ ಎಲ್ಲರೂ ಪ್ರಧಾನಮಂತ್ರಿಗಳಾಗಲಿಲ್ಲ. ಹೊಲ ಮಾರಿ ಮಗನನ್ನು ಓದಲು ಕಳುಹಿದ ತಂದೆಗೆ ನಾಗಪುರದ ಖರ್ಚೆಂದರೆ ಏನೆಂಬುದನ್ನು ತಾವು ಊಹಿಸಬಲ್ಲಿರಿ. ಮರುವರ್ಷ, 1939ರಲ್ಲಿ, ಉಸ್ಮಾನಿಯಾದ ಭವ್ಯವಾದ ಕಲಾ ಕಾಲೇಜಿನ ಶಿಲಾಮಂದಿರವು ಉದ್ಘಾಟನೆಯಾಯಿತು.

ಪ್ರಭುವಿನ ಅನ್ನವನ್ನುಂಡು ಪ್ರಭುವಿಗೆ ಎದುರು ಹಾಡುವುದು ಕೃತಘ್ನತೆಯಲ್ಲವೆ ಎಂದು ಕೇಳುವವರುಂಟು. ಅನ್ನ ಯಾರದು? ಕೃಷ್ಣೆಯ, ಭೀಮೆಯ ದಂಡೆಯ ರೈತನದು. ಕೊಟ್ಟವನು ಅವನು; ಕೈಯೆತ್ತಿ ಹಂಚಿದವನು ಮಾತ್ರ ಪ್ರಭು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ, ಕೆಲವರಿಗೆ ರುಚಿಸಲಿಕ್ಕಿಲ್ಲ. ಹಾಡುವ ಹಕ್ಕು ಯಾರದೋ, ಹಾಡದಿರುವ ಹಕ್ಕೂ ಅವರದೇ. ಕೇರಳದಲ್ಲಿ 1985ರಲ್ಲಿ ಮೂವರು ಮಕ್ಕಳು ರಾಷ್ಟ್ರಗೀತೆಯ ಸಮಯದಲ್ಲಿ ಗೌರವದಿಂದ ಎದ್ದುನಿಂತರು. ತಮ್ಮ ಮತದ ನಂಬಿಕೆಯಂತೆ ಹಾಡಲಿಲ್ಲ. ಶಾಲೆಯಿಂದ ಹೊರಹಾಕಲಾಯಿತು. 1986ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರನ್ನು ಮರಳಿ ಸೇರಿಸಿಕೊಳ್ಳಬೇಕೆಂದು ತೀರ್ಪಿತ್ತಿತು. 1938ರ ಹುಡುಗರನ್ನು ಕೊಂಡಾಡಿ ಈ ಮಕ್ಕಳನ್ನು ಜರೆಯುವವನು ಸ್ವಾತಂತ್ರ್ಯವನ್ನು ಪ್ರೀತಿಸುವವನಲ್ಲ. ತನ್ನ ಹಾಡನ್ನು ಮಾತ್ರ ಪ್ರೀತಿಸುವವನು.

ಈಗ ಪ್ರಭುವಿನ ಸ್ಥಾನಕ್ಕೆ ಕಂಪನಿಗಳು ಬಂದಿವೆ. 2013ರ ಕಂಪನಿ ಕಾಯಿದೆಯಂತೆ ದೊಡ್ಡ ಕಂಪನಿಗಳು ತಮ್ಮ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ 2ರಷ್ಟನ್ನು ಲೋಕಹಿತಕ್ಕೆ ವೆಚ್ಚಮಾಡಬೇಕು, ಶಿಕ್ಷಣವೂ ಅದರಲ್ಲೊಂದು. ಕೊಡಲಿ, ಬೇಡವೆನ್ನುವುದಿಲ್ಲ. ನಮ್ಮ ಶಾಲೆಗಳ ಮಾಡುಗಳು ಸೋರುತ್ತಿವೆ. ಆದರೆ ಹಣದ ಹಿಂದೆ ಹಣದವನ ಮುಲಾಜು ಬರುತ್ತದೆ. ಉದ್ಯಮಿಗಳ ದೇಣಿಗೆಯಿಂದ ನಿಂತ ಹರಿಯಾಣದ ಅಶೋಕ ವಿಶ್ವವಿದ್ಯಾಲಯದಲ್ಲಿ 2021ರಲ್ಲಿ ಪ್ರತಾಪ ಭಾನು ಮೆಹತಾ ಎಂಬ ಪ್ರಾಧ್ಯಾಪಕರು ರಾಜೀನಾಮೆ ಕೊಟ್ಟರು. ತಾವಿರುವುದು ಸಂಸ್ಥೆಗೆ ರಾಜಕೀಯವಾಗಿ ಭಾರವೆಂದು ಸ್ಥಾಪಕರ ಮಾತಿನಿಂದ ತಿಳಿಯಿತೆಂದು ಅವರೇ ಬರೆದರು. ವಿದ್ಯಾರ್ಥಿಗಳು ಪ್ರತಿಭಟಿಸಿದರು. ನಮ್ಮಲ್ಲಿಯಾದರೋ ಕಾಲೇಜುಗಳ ವಿದ್ಯಾರ್ಥಿ ಸಂಘದ ಚುನಾವಣೆಗಳೇ 1989ರ ಸುಮಾರಿಗೆ ನಿಂತುಹೋದವು. ಅವುಗಳಲ್ಲಿ ಹೊಡೆದಾಟವಿತ್ತು, ನಿಜ. ಮೂಗಿಗೆ ನೆಗಡಿಯಾದರೆ ಮೂಗನ್ನೇ ಕೊಯ್ಯುವರೆ?

ಬೇರೆಯವರನ್ನು ದೂರುವುದೇಕೆ? ಕೆಲವು ವರ್ಷಗಳ ಕೆಳಗೆ ನಾನೊಂದು ಕಾಲೇಜಿನ ಚರ್ಚಾಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿದ್ದೆ. ಗೊತ್ತುಮಾಡಿದ್ದ ವಿಷಯ, ಕಾರಖಾನೆಯಿಂದ ಹಳ್ಳಿಗೆ ಹಿತವೋ ಅಹಿತವೋ ಎಂಬುದು. ಬಹುಮಾನದ ದಾನಿಗಳು ಕಾರಖಾನೆಯ ಒಡೆಯರು. ಬೆಳಗಾಗುವಷ್ಟರಲ್ಲಿ ಕರಿಹಲಗೆಯ ಮೇಲೆ ‘ವಿದ್ಯಾರ್ಥಿ ಮತ್ತು ಶಿಸ್ತು’ ಎಂದು ಬರೆದಿತ್ತು. ಒಬ್ಬ ಹುಡುಗಿ ಎದ್ದು, ರಾತ್ರೋರಾತ್ರಿ ವಿಷಯವನ್ನು ಬದಲಿಸುವುದು ಯಾವ ಶಿಸ್ತು ಎಂದು ಕೇಳಿದಳು. ಸಭೆ ಸ್ತಬ್ಧವಾಯಿತು. ಅವಳಷ್ಟು ಚೆನ್ನಾಗಿ ಅಂದು ಯಾರೂ ಮಾತನಾಡಲಿಲ್ಲ. ನಾನು ‘ವಿಷಯಾಂತರ’ವೆಂದು ಷರಾ ಬರೆದು ಅವಳ ಅಂಕಗಳನ್ನು ಕಡಿಮೆ ಮಾಡಿದೆ. ದಾನಿಗಳು ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದರು. ಅವರು ನನಗೆ ಏನನ್ನೂ ಹೇಳಿರಲಿಲ್ಲ.

ಬರುವ ತಿಂಗಳು ಇಲ್ಲಿಯೂ ಚರ್ಚಾಸ್ಪರ್ಧೆಯಿದೆಯೆಂದೂ ಬಹುಮಾನವನ್ನು ವ್ಯಾಪಾರಸ್ಥರೊಬ್ಬರು ಕೊಡುವರೆಂದೂ ಕೇಳಿದೆ. ಅವರಿಗೆ ನನ್ನ ವಂದನೆಗಳು. ವಿಷಯವನ್ನು ಹುಡುಗರೇ ಆರಿಸಲಿ. ದಾನಿಗಳ ಕುರ್ಚಿಯನ್ನು ವೇದಿಕೆಯ ಮೇಲೆ ತೀರ್ಪುಗಾರರ ಪಕ್ಕದಲ್ಲಿ ಬೇಡ, ಕೆಳಗೆ ಕೇಳುವವರ ಮೊದಲನೆಯ ಸಾಲಿನಲ್ಲಿ ಹಾಕಿಸಿರಿ.