ಮನಸ್ಸಿನ ವೈದ್ಯರ ಮನೆಯ ಬದುಕು
(ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಮನೆಗಳಲ್ಲಿ ಮಕ್ಕಳು ಚೆನ್ನಾಗಿ ಓದಿದರೆ 'ಡಾಕ್ಟರ್ ಆಗು' ಎನ್ನುತ್ತೇವೆ. 'ಮನೋವೈದ್ಯೆ ಆಗುತ್ತೇನೆ' ಎಂದು ಮಗಳು ಹೇಳಿದರೆ ಮಾತ್ರ ಮನೆಯೆಲ್ಲಾ ಮೌನ. 'ಅಂಥವರ ಜೊತೆ ಇದ್ದು ನೀನೂ ಹಾಗೇ ಆಗುತ್ತೀಯ, ನಾಳೆ ನಿಕಾಹ್ ಹೇಗೆ?' ಎಂಬ ಮಾತು ಬರುತ್ತದೆ. ಈ ಭಯ ಎಷ್ಟು ನಿಜ ಎಂದು ಇಂದು ಯೋಚಿಸೋಣ.

ಮನೋರೋಗ ಅಂಟುರೋಗವಲ್ಲ. ಆದರೆ ದಿನವಿಡೀ ಪರರ ದುಃಖ ಕೇಳುವವರಿಗೆ ಆಯಾಸ ಉಂಟು. ಬೇರೆಯವರು ಸಂಜೆ ಮನೆಗೆ ಬಂದು ಕೆಲಸದ ಮಾತು ಹೇಳಿಕೊಂಡು ಹಗುರಾಗುತ್ತಾರೆ. ಇವರು ಹಾಗೆ ಹೇಳುವಂತಿಲ್ಲ. ರೋಗಿಯ ಗುಟ್ಟು ಕಾಪಾಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ವಿಧಿಸಿದೆ. ಈ ಮೌನವನ್ನು ಮನೆಯವರು 'ನನ್ನ ಮೇಲೆ ಕೋಪ' ಎಂದು ತಿಳಿದರೆ ಮನಸ್ತಾಪ ಶುರುವಾಗುತ್ತದೆ.

ಬಂಧುಗಳಲ್ಲೂ ಎರಡು ಬಗೆ. 'ನಮ್ಮ ಮನಸ್ಸು ಓದಿಬಿಡುತ್ತಾರೆ' ಎಂದು ದೂರ ಸರಿಯುವವರು ಕೆಲವರು, ಮದುವೆ ದಾವತ್‌ನಲ್ಲೇ ಔಷಧಿ ಕೇಳುವವರು ಕೆಲವರು. ತಮ್ಮವರ ವಿಷಯದಲ್ಲಿ ಮಮತೆ ಅಡ್ಡ ಬರುತ್ತದೆ. ಆದ್ದರಿಂದ ತಿಳಿದ ವೈದ್ಯರು ಅವರನ್ನು ಬೇರೊಬ್ಬ ವೈದ್ಯರ ಬಳಿ ಕಳಿಸುತ್ತಾರೆ. ಅದನ್ನು ನಾವು ಅಸಡ್ಡೆ ಎನ್ನಬಾರದು.

ಹಾಗೆಂದು ಈ ವೃತ್ತಿ ಸಂಸಾರ ಕೆಡಿಸುವಂಥದ್ದಲ್ಲ. ಶಿವಮೊಗ್ಗದಲ್ಲಿ ಡಾ. ಅಶೋಕ್ ಪೈ ಮತ್ತು ಅವರ ಪತ್ನಿ ಡಾ. ರಜನಿ ಪೈ 'ಮಾನಸ' ಸಂಸ್ಥೆಯಲ್ಲಿ ಜೊತೆಯಾಗಿ ದುಡಿದರು. 2016ರಲ್ಲಿ ತೀರಿಕೊಂಡ ಅಶೋಕ್ ಪೈ ಅವರು ಮನಸ್ಸಿನ ವಿಷಯವನ್ನು ಕಥೆಗಳಲ್ಲಿ, 1988ರ 'ಕಾಡಿನ ಬೆಂಕಿ'ಯಂಥ ಚಲನಚಿತ್ರದಲ್ಲಿ ಜನರ ಮುಂದಿಟ್ಟರು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ, 2024ರಲ್ಲಿ ಪದ್ಮಶ್ರೀ ಪಡೆದ ಡಾ. ಸಿ.ಆರ್. ಚಂದ್ರಶೇಖರ್ ಕನ್ನಡದಲ್ಲಿ ನೂರಾರು ಪುಸ್ತಕ ಬರೆದರು. ನಿವೃತ್ತಿಯ ನಂತರ ಬೆಂಗಳೂರಿನ 'ಸಮಾಧಾನ' ಕೇಂದ್ರದಲ್ಲಿ ಉಚಿತ ಆಪ್ತಸಲಹೆಗೆ ತೊಡಗಿದರು. ಗುಟ್ಟು ಬಿಟ್ಟುಕೊಡದೆಯೂ ಅನುಭವವನ್ನು ಹಂಚಿಕೊಳ್ಳಬಹುದು, ಹೊರೆ ಇಳಿಸಿಕೊಳ್ಳಬಹುದು ಎಂಬುದು ಇವರಿಂದ ನನಗೆ ಕಾಣುವ ಪಾಠ.

ಇನ್ನೊಂದು ಲಾಭವೂ ಇದೆ. ಸಿಟ್ಟಿನ ಹಿಂದಿರುವ ನೋವನ್ನು ನಿತ್ಯ ನೋಡುವವರು ಮನೆಯಲ್ಲೂ ತಾಳ್ಮೆ ಕಲಿಯಬಹುದು. 'ಸಬರ್' ಎಂದು ನಾವು ಮಕ್ಕಳಿಗೆ ಹೇಳಿಕೊಡುವುದನ್ನು ಅವರು ದಿನವೂ ಅಭ್ಯಾಸ ಮಾಡುತ್ತಾರೆ.

ವಿದ್ಯಾರ್ಥಿಗಳೇ, ಮನೋವೈದ್ಯಶಾಸ್ತ್ರ ಮಾತ್ರವಲ್ಲ, ಮನಃಶಾಸ್ತ್ರ, ಮನೋರೋಗ ಶುಶ್ರೂಷೆ, ಸಮಾಜಕಾರ್ಯಗಳಲ್ಲಿಯೂ ನಿಮ್ಹಾನ್ಸ್‌ನಲ್ಲಿ ಉನ್ನತ ಶಿಕ್ಷಣವಿದೆ. ಧೈರ್ಯವಾಗಿ ಹೋಗಿ. ಪೋಷಕರೇ, ತಡೆಯಬೇಡಿ. ಅವರು ದಣಿದು ಬಂದಾಗ 'ಏನಾಯಿತು?' ಎಂದು ಕೆದಕದೆ ಒಂದು ಲೋಟ ಚಹಾ ಕೊಟ್ಟು ಪಕ್ಕದಲ್ಲಿ ಕುಳಿತರೆ ಸಾಕು. ನಮಗೇ ಮನಸ್ಸು ಭಾರವಾದಾಗ 14416ಕ್ಕೆ ಕರೆ ಮಾಡಲು ನಾಚಿಕೆ ಬೇಡ. 2022ರಲ್ಲಿ ಆರಂಭವಾದ ಈ ಸರ್ಕಾರಿ ಸೇವೆ ಉಚಿತ.