ಮಕ್ಕಳು ನೋಡುವ ಗೇಮಿಂಗ್ ಪ್ರಾಂಕ್ ವಿಡಿಯೋ: ತೂಗಿ ನೋಡುವುದು ಹೇಗೆ?

(ಬೇಮಳಖೇಡದಲ್ಲಿ ಸ್ವಸಹಾಯ ಸಂಘಗಳ ತಾಯಂದಿರಿಗೆ ಹಾಗೂ ಪಾಲಕರಿಗೆ ನೀಡಿದ ಉಪನ್ಯಾಸ)



ಹೊಲದ ಕೆಲಸ, ಕೂಲಿ ಬಿಟ್ಟು ಬಂದು ಕೂತಿದ್ದೀರಿ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇವೆ.

2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ಆನ್‌ಲೈನ್ ಪಾಠಕ್ಕೆಂದು ಮಕ್ಕಳ ಕೈಗೆ ಮೊಬೈಲ್ ಬಂತು. ಶಾಲೆ ತೆರೆಯಿತು, ಮೊಬೈಲ್ ಮಾತ್ರ ಕೈಯಲ್ಲೇ ಉಳಿಯಿತು. ಸೋಯಾ ಕಳೆ ತೆಗೆಯಲು, ತೊಗರಿ ಕೊಯ್ಯಲು ಹೋಗುವಾಗ "ಜಗಳ ಆಡಬ್ಯಾಡ್ರಿ, ಇದನ್ನ ನೋಡ್ಕೊಂತ ಕೂಡ್ರಿ" ಎಂದು ಫೋನ್ ಕೊಟ್ಟು ಹೋಗುವ ಮನೆಗಳು ಬಹಳ. ಆದರೆ "ಇದನ್ನ" ಅಂದರೆ ಏನು? ಮಕ್ಕಳು ಏನು ನೋಡಿ ಅಷ್ಟು ನಗುತ್ತಾರೆ?

ಬಹಳಷ್ಟು ಸಲ ಅದು ಗೇಮಿಂಗ್ ಪ್ರಾಂಕ್ ವಿಡಿಯೋ. ಪ್ರಾಂಕ್ ಅಂದರೆ ನಮ್ಮ ಮಷ್ಕಿರಿ. ಗೇಮ್ ಆಡುವವರು ತಮ್ಮ ಆಟವನ್ನೇ ರೆಕಾರ್ಡ್ ಮಾಡಿ, ಮಾತಾಡುತ್ತಾ ಯೂಟ್ಯೂಬಿಗೆ ಹಾಕುತ್ತಾರೆ. ಮೈನ್‌ಕ್ರಾಫ್ಟ್ ಆಟದಲ್ಲಿ ಗೆಳೆಯ ಕಟ್ಟಿದ ಮನೆಗೆ ಗುಟ್ಟಾಗಿ ಸಿಡಿಮದ್ದು ಇಡುವುದು ಒಂದು ಬಗೆ. ಫ್ರೀ ಫೈರ್ ಆಡುವ ತಮ್ಮನಿಗೆ "ನಿನ್ನ ಐಡಿ ಹ್ಯಾಕ್ ಆಯ್ತು, ಡೈಮಂಡ್ ಎಲ್ಲಾ ಹೋದವು" ಎಂದು ಹೆದರಿಸಿ ಅಳಿಸುವುದು ಇನ್ನೊಂದು ಬಗೆ.

ಇವೆಲ್ಲ ಕೆಟ್ಟವು ಎಂದು ನಾವು ಹೇಳುವುದಿಲ್ಲ. ಮಷ್ಕಿರಿ ನಮಗೆ ಹೊಸದಲ್ಲ. ಮದುವೆಯಲ್ಲಿ ಮದುಮಗನ ಚಪ್ಪಲಿ ಬಚ್ಚಿಡುತ್ತೇವೆ, ಬೀಗರನ್ನು ಕಾಡುತ್ತೇವೆ. ಕೊನೆಗೆ ಎಲ್ಲರೂ ಕೂಡಿ ನಗುತ್ತಾರೆ. ಆದ್ದರಿಂದ ಗೇಮಿನ ಹೆಸರು ನೋಡಿ ತೀರ್ಪು ಕೊಡುವುದು ಬೇಡ. ಮಗುವಿನ ಪಕ್ಕದಲ್ಲಿ ಕೂತು ಹತ್ತು ನಿಮಿಷ ನೋಡಿ, ಐದು ಪ್ರಶ್ನೆ ಕೇಳಿಕೊಳ್ಳೋಣ. ಓದು ಬರದ ತಾಯಿಯೂ ಕೇಳಬಹುದಾದ ಪ್ರಶ್ನೆಗಳಿವು.

ಮೊದಲನೆಯದು: ನಗುವವರು ಯಾರು? ಮಷ್ಕಿರಿಗೆ ಒಳಗಾದವನೂ ಕೊನೆಗೆ ನಗುತ್ತಾನೋ, ಅಥವಾ ಅವನ ಅಳುವೇ ವಿಡಿಯೋದ ಮಜಾನೋ? ಅಮೆರಿಕದಲ್ಲಿ "ಡ್ಯಾಡಿಓಫೈವ್" ಎಂಬ ಯೂಟ್ಯೂಬ್ ಚಾನೆಲ್ ಇತ್ತು. ತಂದೆ ತಾಯಿಯೇ ತಮ್ಮ ಮಕ್ಕಳ ಮೇಲೆ ಪ್ರಾಂಕ್ ಮಾಡುತ್ತಿದ್ದರು. 2017ರ ಒಂದು ವಿಡಿಯೋದಲ್ಲಿ ಮಾಯವಾಗುವ ಶಾಯಿ ಚೆಲ್ಲಿ, ಮಾಡದ ತಪ್ಪಿಗೆ ಮಗನನ್ನು ಬೈದು ಅಳಿಸಿದರು. ನೋಡಿದ ಜನ ಸಿಟ್ಟಿಗೆದ್ದರು. ಇಬ್ಬರು ಮಕ್ಕಳು ಅವರ ಕೈಯಿಂದ ಹೋದರು. ಮಕ್ಕಳನ್ನು ನಿರ್ಲಕ್ಷಿಸಿದ್ದಕ್ಕಾಗಿ ನ್ಯಾಯಾಲಯ ಅದೇ ವರ್ಷ ತಂದೆ ತಾಯಿಯನ್ನು ಐದು ವರ್ಷ ನಿಗಾದಲ್ಲಿಟ್ಟಿತು. ಆದರೆ ಅಷ್ಟರೊಳಗೆ ಎಷ್ಟೋ ಮನೆಗಳಲ್ಲಿ ಆ ಹುಡುಗನ ಅಳು ನೋಡಿ ನಕ್ಕಾಗಿತ್ತು.

ಎರಡನೆಯದು: ನಮ್ಮ ಮಗು ಇದನ್ನೇ ಓಣಿಯಲ್ಲಿ ಮಾಡಿದರೆ ಏನಾಗುತ್ತದೆ? ಮಕ್ಕಳು ಕಂಡದ್ದನ್ನು ಮಾಡುತ್ತಾರೆ. 1961ರಲ್ಲಿ ಅಮೆರಿಕದ ಆಲ್ಬರ್ಟ್ ಬಂಡೂರ ಎಂಬ ಮನೋವಿಜ್ಞಾನಿ 72 ಚಿಕ್ಕ ಮಕ್ಕಳ ಮೇಲೆ ಒಂದು ಪ್ರಯೋಗ ನಡೆಸಿದರು. ಗಾಳಿ ತುಂಬಿದ ಗೊಂಬೆಯನ್ನು ದೊಡ್ಡವರು ಹೊಡೆಯುವುದನ್ನು ಕಂಡ ಮಕ್ಕಳು ಅದೇ ರೀತಿ ಹೊಡೆದರು, ಅವೇ ಮಾತು ಆಡಿದರು. ಎರಡು ವರ್ಷದ ನಂತರ ಸಿನಿಮಾದಲ್ಲಿ ತೋರಿಸಿದಾಗಲೂ ಹಾಗೇ ಆಯಿತು. ಗೇಮಿನಲ್ಲಿ ಒಡೆದ ಮನೆಯನ್ನು ಮತ್ತೆ ಕಟ್ಟಬಹುದು. ತರಗತಿಯಲ್ಲಿ ಕುರ್ಚಿ ಎಳೆದಾಗ ಬಿದ್ದ ಹುಡುಗನ ಬೆನ್ನು ಹಾಗಲ್ಲ. ದೊಡ್ಡ ಹುಡುಗರೂ ಇದನ್ನು ಮರೆಯುತ್ತಾರೆ. 2019ರ ನವೆಂಬರ್‌ನಲ್ಲಿ ಬೆಂಗಳೂರಿನ ಯಶವಂತಪುರದ ಕಡೆ ಏಳು ಯುವಕರು ಯೂಟ್ಯೂಬ್ ಪ್ರಾಂಕ್‌ಗಾಗಿ ರಾತ್ರಿ ದೆವ್ವದ ವೇಷ ಹಾಕಿ ದಾರಿಹೋಕರನ್ನು ಹೆದರಿಸಿದರು. ಪೊಲೀಸರು ಏಳೂ ಜನರನ್ನು ಬಂಧಿಸಿದರು.

ಮೂರನೆಯದು: ಇದು ನಟನೆ ಎಂದು ಮಗುವಿಗೆ ತಿಳಿದಿದೆಯೇ? ಇದನ್ನು ಹಗುರ ಮಾಡಬೇಡಿ. ಎಷ್ಟೋ ಪ್ರಾಂಕ್‌ಗಳು ಮೊದಲೇ ಮಾತಾಡಿಕೊಂಡು ಮಾಡಿದ ನಾಟಕ. 2018ರ ಜುಲೈನಲ್ಲಿ ನಮ್ಮದೇ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಹೊರಗಿನಿಂದ ಬಂದವರು ಶಾಲೆ ಮಕ್ಕಳಿಗೆ ಚಾಕಲೇಟ್ ಕೊಟ್ಟರು. "ಮಕ್ಕಳ ಕಳ್ಳರು" ಎಂಬ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಹಬ್ಬಿತು. ಜನ ಸೇರಿ ಹೊಡೆದರು. ಹೈದರಾಬಾದಿನ ಒಬ್ಬ ಇಂಜಿನಿಯರ್ ಪ್ರಾಣ ಬಿಟ್ಟರು. ಆ ದಿನಗಳಲ್ಲಿ ದೇಶದ ತುಂಬ ಒಂದು ವಿಡಿಯೋ ಓಡಾಡುತ್ತಿತ್ತು. ಬೈಕ್ ಮೇಲೆ ಬಂದವರು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಖರೇ ಅಂದರೆ ಅದು ಮಕ್ಕಳ ಸುರಕ್ಷತೆ ಬಗ್ಗೆ ಜಾಗೃತಿ ಮೂಡಿಸಲು ಪಾಕಿಸ್ತಾನದ ಕರಾಚಿಯಲ್ಲಿ ನಟಿಸಿ ತೆಗೆದ ಚಿತ್ರ. ಮಗುವನ್ನು ಮರಳಿ ತಂದು ಬಿಡುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ನಟನೆ ಯಾವುದು, ಖರೇ ಯಾವುದು ಎಂದು ದೊಡ್ಡವರಿಗೇ ತಿಳಿಯದೆ ಹೋಯಿತು. ಅಂದಮೇಲೆ ಏಳೆಂಟು ವರ್ಷದ ಕೂಸಿಗೆ ತಾನಾಗಿ ಹೇಗೆ ತಿಳಿದೀತು? "ಇವರು ಮೊದಲೇ ಮಾತಾಡಿಕೊಂಡಾರೇನು? ನಿನಗೇನ ಅನ್ನಿಸ್ತದ?" ಎಂದು ಕೇಳಿ. ಈ ಪ್ರಶ್ನೆಯ ರೂಢಿ ಅವರನ್ನು ದೊಡ್ಡವರಾದಾಗಲೂ ಕಾಯುತ್ತದೆ.

ನಾಲ್ಕನೆಯದು: ಮಾತು ಎಂಥದ್ದು? ಇಯರ್‌ಫೋನ್ ತೆಗೆಸಿ, ದನಿ ಹೊರಗೆ ಬರಲಿ. ತಾಯಿ, ತಂಗಿಯ ಹೆಸರಿನ ಬೈಗುಳ, ಹೆಣ್ಣುಮಕ್ಕಳ ಹೀಯಾಳಿಕೆ, ಬಣ್ಣ, ಜಾತಿ, ಅಂಗವಿಕಲತೆ ಹಿಡಿದು ಆಡುವ ಮಾತು ಇದ್ದರೆ ಅದು ಮಕ್ಕಳ ವಿಡಿಯೋ ಅಲ್ಲ. ಹಿಂದಿ, ಇಂಗ್ಲಿಷ್ ತಿಳಿಯದಿದ್ದರೆ ಮಗುವಿಗೇ "ಏನಂದ ಅವ?" ಎಂದು ಕೇಳಿ. ಹೇಳಲು ನಾಚಿದರೆ ಉತ್ತರ ಸಿಕ್ಕಿತು.

ಐದನೆಯದು: ಕೊನೆಗೆ ಏನು ಕೇಳುತ್ತಾರೆ? "ಫ್ರೀ ಡೈಮಂಡ್ ಬೇಕಾದರೆ ಈ ಲಿಂಕ್ ಒತ್ತಿ" ಎಂದರೆ ಎಚ್ಚರ. ನಿಮ್ಮ ಫೋನ್‌ಪೇ, ಬ್ಯಾಂಕಿನ ಓಟಿಪಿ ಎಲ್ಲವೂ ಅದೇ ಫೋನಿನಲ್ಲಿವೆ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

"ಸರಕಾರ ಗೇಮ್ ಬಂದ್ ಮಾಡ್ಯಾದಲ್ರೀ" ಎಂದು ಕೆಲವರು ಕೇಳುತ್ತಾರೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾನೂನು ನಿಷೇಧಿಸುವುದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು. ಮಗು ನೋಡುವ ವಿಡಿಯೋ ಒಳ್ಳೆಯದೋ ಕೆಟ್ಟದ್ದೋ ಎಂದು ಅದು ಹೇಳುವುದಿಲ್ಲ. ಜೀವಕ್ಕೆ ಅಪಾಯವಿದೆ ಎಂದು ನಂಬಿಸುವ ಹಾಗೂ ಮಕ್ಕಳ ಮನಸ್ಸಿಗೆ ತೀವ್ರ ಆಘಾತ ಮಾಡುವ ಪ್ರಾಂಕ್‌ಗಳಿಗೆ ಅವಕಾಶವಿಲ್ಲ ಎಂದು ಯೂಟ್ಯೂಬ್ 2019ರ ಜನವರಿಯಲ್ಲೇ ಸ್ಪಷ್ಟಪಡಿಸಿದೆ. ಆದರೂ ಜರಡಿಯಿಂದ ಜಾರಿ ಬರುವುದು ಬಹಳ. ಕೊನೆಯ ಜರಡಿ ಮನೆಯಲ್ಲೇ ಇರಬೇಕು.

ಮನೆಯಲ್ಲಿ ಮಾಡಬೇಕಾದದ್ದು ಇಷ್ಟು. ಫೋನ್ ಎಲ್ಲರೂ ಕೂಡುವ ಕೋಣೆಯಲ್ಲೇ ಇರಲಿ. ಒಂದು ಮುಗಿದ ಕೂಡಲೇ ಇನ್ನೊಂದು ತಾನಾಗಿ ಶುರುವಾಗುವ ಆಟೋಪ್ಲೇ ಬಂದ್ ಮಾಡಿಸಿ. ಬೇಡವಾದ ಚಾನೆಲ್ ಬಂದರೆ ಪಕ್ಕದ ಮೂರು ಚುಕ್ಕಿ ಒತ್ತಿ, ಅದನ್ನು ಮತ್ತೆ ತೋರಿಸಬೇಡ ಎಂದು ಆರಿಸಿ. ಬಾರದಿದ್ದರೆ ಕಾಲೇಜು ಓದುವ ಮಗಳಿಂದ ಕಲಿಯಿರಿ. ಚಿಕ್ಕವರಿಗೆ 2016ರಿಂದ ನಮ್ಮ ದೇಶದಲ್ಲಿರುವ ಯೂಟ್ಯೂಬ್ ಕಿಡ್ಸ್ ಆ್ಯಪ್ ಹಾಕಿಕೊಡಿ, ಆದರೂ ಆಗಾಗ ಇಣುಕಿ ನೋಡಿ. ಹೊಡೆದು ಫೋನ್ ಕಸಿಯಬೇಡಿ. ಕಸಿದರೆ ಮಗು ಪಕ್ಕದ ಮನೆಯಲ್ಲಿ ಕದ್ದು ನೋಡುತ್ತದೆ, ಹೆದರಿದಾಗ ನಿಮಗೆ ಹೇಳುವುದಿಲ್ಲ.

ಇನ್ನೊಂದು ಮಾತು. ನಿಮ್ಮ ಮಗುವನ್ನೇ ಹೆದರಿಸಿ, ಅಳಿಸಿ ಯಾರಾದರೂ ವಿಡಿಯೋ ಮಾಡಿದರೆ, ಅವರು ಸ್ವಂತ ಸೋದರಮಾವನೇ ಆಗಲಿ, "ಚಾಷ್ಟಿಗೆ ಮಾಡ್ಯಾರ ಬಿಡು" ಎಂದು ಸುಮ್ಮನಾಗಬೇಡಿ. ಅಳಿಸಲು ಹೇಳಿ. ಮಗು ಕಷ್ಟದಲ್ಲಿದ್ದರೆ 1098ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಈ ವಾರ ಪ್ರತಿಯೊಬ್ಬರೂ ಒಂದು ಸಂಜೆ ಹತ್ತು ನಿಮಿಷ ಮಗುವಿನ ಜೊತೆ ಕೂತು ನೋಡಿ. ಮುಂದಿನ ಸಂಘದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಏನು ಕಂಡಿರಿ ಎಂದು ಹೇಳಿ. ಇಬ್ಬರೂ ನಗುವ ಮಷ್ಕಿರಿ ಇರಲಿ. ಒಬ್ಬರ ಕಣ್ಣೀರಿನ ಮೇಲೆ ನಗುವುದನ್ನು ನಮ್ಮ ಮಕ್ಕಳು ಕಲಿಯುವುದು ಬೇಡ.